ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸೂ ಲಿನಕ್ಸೂ: ಕೊಡಗಿನ ಮಳೆ, ಕರೆಂಟು, ಸಿಗ್ನಲ್ ನೋಡಿಕೊಂಡು ಡ್ಯುಯಲ್ ಬೂಟ್ ಮಾಡುವ ಬಗೆ

ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದ ರೈಟರ್ (ಲೆಕ್ಕ ಬರೆಯುವವರು) ಕಳೆದ ನವೆಂಬರಿನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅರೇಬಿಕಾ ಕೊಯ್ಲು ಶುರುವಾಗಿತ್ತು. ವಾರದ ಬಟವಾಡೆ ಲೆಕ್ಕವೆಲ್ಲ ಅದೇ ಲ್ಯಾಪ್‌ಟಾಪಿನಲ್ಲಿ. "ಇದಕ್ಕೆ ಇನ್ನು ಅಪ್‌ಡೇಟ್ ಬರುದಿಲ್ವಂತೆ ಅಣ್ಣ. ಹೊಸದು ತಗೊಳ್ಳಿ ಅಂತ ಹೇಳ್ತಾರೆ. ಎಂತ ಮಾಡುದು?" ಅಂತ ಕೇಳಿದರು.

ಅವರು ಕೇಳಿಸಿಕೊಂಡಿದ್ದು ಸರಿಯೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಸಿಗುತ್ತದೆ. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಅವರದು ಏಳನೇ ತಲೆಮಾರಿನ ಐ5. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಹಾಕಿಸಿದ್ದಾರೆ, ಕೀಬೋರ್ಡ್ ಗಟ್ಟಿಯಾಗಿದೆ. ಅಂಥದ್ದನ್ನು ಮೂಲೆಗೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಲೆಕ್ಕದ ಪ್ರೋಗ್ರಾಂ ಟ್ಯಾಲಿಗಾಗಿ ವಿಂಡೋಸ್ ಇಟ್ಟುಕೊಂಡು, ಇಂಟರ್‌ನೆಟ್ಟಿನ ಕೆಲಸಕ್ಕೆಲ್ಲ ಲಿನಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟೆ. ಈಗಲೂ ಓಡುತ್ತಿದೆ.

ಇನ್‌ಸ್ಟಾಲ್ ಅನ್ನುವುದು ಅರ್ಧ ಗಂಟೆಯ ಕೆಲಸ. ಅದರ ಹಿಂದಿನ ತಯಾರಿಗೆ ಎರಡು ದಿನ ಇಟ್ಟುಕೊಳ್ಳಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲ. ಕರೆಂಟು ಹೋದರೆ ಟವರೂ ಹೋಗುತ್ತದೆ. ಹಾಗಾಗಿ ಪೇಟೆಯಲ್ಲಿ ಕೂತವರಿಗಿಂತ ನಾವು ತಯಾರಿಯನ್ನು ಜಾಸ್ತಿ ಮಾಡಿಕೊಳ್ಳಬೇಕು. ಈ ಬರಹದಲ್ಲೂ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಿಮಗೆ ಇದು ಬೇಕಾ?

ಡ್ಯುಯಲ್ ಬೂಟ್ ಅಂದರೆ ಒಂದೇ ಡಿಸ್ಕಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇಟ್ಟು, ಆನ್ ಮಾಡುವಾಗ ಒಂದನ್ನು ಆರಿಸಿಕೊಳ್ಳುವುದು. ಎರಡೂ ಒಟ್ಟಿಗೆ ಓಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ರೀಸ್ಟಾರ್ಟ್ ಮಾಡಲೇಬೇಕು.

ಟ್ಯಾಲಿ, ಕನ್ನಡ ಟೈಪಿಂಗಿನ ನುಡಿ, ಬರಹ ಪ್ರೋಗ್ರಾಂ, ಡಿಜಿಟಲ್ ಸಹಿಯ ಡಾಂಗಲ್, ಕೆಲವು ಪ್ರಿಂಟರು, ಇಂಥವಕ್ಕೆ ವಿಂಡೋಸ್ ಬೇಕು ಅನ್ನುವವರಿಗೆ ಡ್ಯುಯಲ್ ಬೂಟ್ ಸರಿ. ಕುಶಾಲನಗರ, ಪೊನ್ನಂಪೇಟೆ ಕಡೆ ಎಂಜಿನಿಯರಿಂಗ್ ಓದುವ ಮಕ್ಕಳಿಗೂ ಸರಿ, ಅವರಿಗೆ ಲಿನಕ್ಸ್ ಹೇಗೂ ಬೇಕಾಗುತ್ತದೆ. ಬರೀ ಬ್ರೌಸರ್, ಯೂಟ್ಯೂಬ್, ಮೇಲ್ ಸಾಕು ಅನ್ನುವವರು ಎರಡು ಇಟ್ಟುಕೊಳ್ಳುವ ಗೋಜಿಗೆ ಹೋಗಬೇಡಿ. ಬ್ಯಾಕಪ್ ತೆಗೆದು ಲಿನಕ್ಸ್ ಒಂದನ್ನೇ ಹಾಕಿ. ಸುಮ್ನೆ ನೋಡಬೇಕು ಅಷ್ಟೇ ಅನ್ನುವವರಿಗೆ ಪೆನ್‌ಡ್ರೈವಿನಿಂದಲೇ ಓಡಿಸಬಹುದು, ಡಿಸ್ಕ್ ಮುಟ್ಟುವುದೇ ಬೇಡ.

ಯಾವ ಲಿನಕ್ಸ್ ಅಂತ ಕೇಳಿದರೆ, ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ವಿಂಡೋಸ್ ಬಳಸಿದವರಿಗೆ ಕೆಳಗಿನ ಪಟ್ಟಿ, ಸ್ಟಾರ್ಟ್ ಮೆನು ಎಲ್ಲ ಅಲ್ಲೇ ಕಾಣುತ್ತದೆ. ಮಿಂಟ್ 22ರ ಸಾಲು 2024ರ ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಇದೆ. 8 ಜಿಬಿ ರ್‍ಯಾಮ್ ಇದ್ದರೆ ಸಿನಮನ್ ಆವೃತ್ತಿ ತಗೊಳ್ಳಿ, 4 ಜಿಬಿ ಮಾತ್ರ ಇದ್ದರೆ ಎಕ್ಸ್‌ಎಫ್‌ಸಿಇ. ಕೆಳಗೆ ಬರುವ ಹೆಜ್ಜೆಗಳೆಲ್ಲ ಮಿಂಟ್‌ಗೆ ಬರೆದವು. ಉಬುಂಟುವಿನಲ್ಲಿ ಇನ್‌ಸ್ಟಾಲರ್ ನೋಡಲು ಬೇರೆ ಥರ ಇದೆ, ದಾರಿ ಅದೇ.

ಲ್ಯಾಪ್‌ಟಾಪಿನ ಜಾತಕ ನೋಡಿಕೊಳ್ಳಿ

ವಿಂಡೋಸಿನ ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ಅಂತ ಹುಡುಕಿ ತೆರೆಯಿರಿ. ಅದರಲ್ಲಿ ಬಯೋಸ್ ಮೋಡ್ ಅನ್ನುವ ಸಾಲು ಇರುತ್ತದೆ. ಬಯೋಸ್ ಅಂದರೆ ಆನ್ ಮಾಡಿದ ಕೂಡಲೇ ವಿಂಡೋಸಿಗಿಂತ ಮೊದಲು ಓಡುವ ಲ್ಯಾಪ್‌ಟಾಪಿನದೇ ಪ್ರೋಗ್ರಾಂ. ಎದುರಿಗೆ ಯುಇಎಫ್‌ಐ (ಅದರ ಹೊಸ ಬಗೆ) ಅಂತಿದ್ದರೆ ಕೆಲಸ ಸಲೀಸು. ವಿಂಡೋಸ್ ಯಾವ ಮೋಡಿನಲ್ಲಿದೆಯೋ ಲಿನಕ್ಸನ್ನೂ ಅದೇ ಮೋಡಿನಲ್ಲಿ ಹಾಕಬೇಕು. ಇದನ್ನು ತಪ್ಪಿದರೆ ಎರಡೂ ಒಂದನ್ನೊಂದು ಕಾಣುವುದಿಲ್ಲ, ಆರಿಸುವ ಮೆನುವೂ ಬರುವುದಿಲ್ಲ.

ಅಲ್ಲಿ ಲೆಗಸಿ (ಹಳೆಯ ಬಗೆ) ಅಂತಿದ್ದರೆ ಸ್ವಲ್ಪ ನಿಲ್ಲಿ. ಅಂಥ ಡಿಸ್ಕಿನಲ್ಲಿ ಪ್ರೈಮರಿ ಪಾರ್ಟಿಶನ್ (ಡಿಸ್ಕಿನ ಮುಖ್ಯ ಭಾಗ) ನಾಲ್ಕಕ್ಕಿಂತ ಹೆಚ್ಚು ಮಾಡಲು ಆಗುವುದಿಲ್ಲ. ಕಂಪನಿಯಿಂದ ಬರುವಾಗಲೇ ಎಷ್ಟೋ ಲ್ಯಾಪ್‌ಟಾಪಿನಲ್ಲಿ ನಾಲ್ಕೂ ತುಂಬಿರುತ್ತವೆ. ಜಾಗ ಬಿಡಿಸಿದರೂ ಲಿನಕ್ಸಿಗೆ ಬಳಸಲು ಬರುವುದಿಲ್ಲ. ಡಿ ಡ್ರೈವಿನ ಫೈಲುಗಳನ್ನು ಹೊರಗೆ ಸಾಗಿಸಿ ಆ ಪಾರ್ಟಿಶನ್ ಅಳಿಸಿ ಜಾಗ ಮಾಡುವುದು ಸುಲಭದ ದಾರಿ. ಡೈನಾಮಿಕ್ ಡಿಸ್ಕಿಗೆ ಬದಲಿಸಲಾ ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಒಪ್ಪಿದರೆ ಆಮೇಲೆ ಲಿನಕ್ಸ್ ಹಾಕುವುದು ದೊಡ್ಡ ತಲೆನೋವು.

ಇನ್ನು ಜಾಗ. ಮಿಂಟ್‌ಗೆ 20 ಜಿಬಿ ಸಾಕು ಅಂತ ಬರೆದಿರುತ್ತಾರೆ, ಅದು ತೀರಾ ಕಡಿಮೆ. ನಾನು 60 ಜಿಬಿಗಿಂತ ಕಡಿಮೆ ಇಡುವುದಿಲ್ಲ.

ಬ್ಯಾಟರಿಯನ್ನೂ ನೋಡಿ. ಫುಲ್ ಚಾರ್ಜ್ ಮಾಡಿ, ವಯರ್ ತೆಗೆದು ಒಂದು ಗಂಟೆ ಓಡಿಸಿ ನೋಡಿ. ಹತ್ತು ನಿಮಿಷಕ್ಕೆ ಆಫ್ ಆಗುವ ಬ್ಯಾಟರಿ ಇದ್ದರೆ ಯುಪಿಎಸ್ ಅಥವಾ ಇನ್ವರ್ಟರ್ ಇರುವ ಮನೆಯಲ್ಲಿ ಕೂತು ಈ ಕೆಲಸ ಮಾಡಿ.

ಬ್ಯಾಕಪ್

ಇದನ್ನು ಬಿಟ್ಟು ಮುಂದೆ ಓದಬೇಡಿ. ಪಾರ್ಟಿಶನ್ ಕೆಲಸದಲ್ಲಿ ಒಂದು ತಪ್ಪು ಕ್ಲಿಕ್ಕಿಗೆ ಇಡೀ ಡಿಸ್ಕ್ ಖಾಲಿಯಾಗಬಹುದು.

ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು ಫೋಟೋ, ಆರ್‌ಟಿಸಿ ಪ್ರತಿಗಳು, ಬ್ಯಾಂಕ್ ಕಾಗದ, ಟ್ಯಾಲಿಯ ಡೇಟಾ ಫೋಲ್ಡರ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಎಲ್ಲ ಹಾಕಿಕೊಳ್ಳಿ. ಟ್ಯಾಲಿಯವರು ಅದರೊಳಗಿನ ಬ್ಯಾಕಪ್ ಆಯ್ಕೆಯಿಂದಲೂ ಒಂದು ಪ್ರತಿ ತೆಗೆಯಿರಿ. ಆಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ಫೈಲು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲಸ ಮುಗಿದ ಮೇಲೆ ಡಿಸ್ಕನ್ನು ಅಕ್ಕಿ ಡಬ್ಬದಂಥ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಸ್ಟು ಬರುವ ಊರು ನಮ್ಮದು.

ಇನ್ನೊಂದು ಖಾಲಿ ಪೆನ್‌ಡ್ರೈವಿಗೆ ವಿಂಡೋಸಿನ ರಿಕವರಿ ಡ್ರೈವ್ ಮಾಡಿಟ್ಟುಕೊಳ್ಳಿ. ಸ್ಟಾರ್ಟ್ ಮೆನುವಿನಲ್ಲಿ ರಿಕವರಿ ಡ್ರೈವ್ ಅಂತ ಹುಡುಕಿದರೆ ಸಿಗುತ್ತದೆ. 32 ಜಿಬಿಯದು ಇದ್ದರೆ ಜಾಗದ ಚಿಂತೆ ಇಲ್ಲ.

ಆ 48 ಅಂಕಿ

ಇದು ನನ್ನದೇ ತಪ್ಪಿನಿಂದ ಕಲಿತದ್ದು. ತಂಗಿಯ ಮಗನ ಹೊಸ ಲ್ಯಾಪ್‌ಟಾಪ್, ವಿಂಡೋಸ್ 11. ಜುಲೈ ತಿಂಗಳು, ಕರೆಂಟು ಹೋಗಿ ಎರಡನೇ ದಿನ. ಬ್ಯಾಟರಿ ತುಂಬ ಇದೆಯಲ್ಲ ಅಂತ ಬಯೋಸ್ ಒಳಗೆ ಹೋಗಿ, ಸಹಿ ಇಲ್ಲದ ಸಿಸ್ಟಮ್ ತೆರೆಯದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದೆ. ರೀಸ್ಟಾರ್ಟ್ ಆದ ಕೂಡಲೇ ನೀಲಿ ಪರದೆ. ಬಿಟ್‌ಲಾಕರ್ ರಿಕವರಿ ಕೀ ಕೊಡಿ ಅಂತ. ಬಿಟ್‌ಲಾಕರ್ ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಕೆಳಗೆ ಖಾಲಿ ಚೌಕ, ಆರಾರು ಅಂಕಿಯ ಎಂಟು ಗುಂಪು ಅದರಲ್ಲಿ ಟೈಪ್ ಮಾಡಬೇಕು.

"ಮಾವ, ನಾನು ಯಾವ ಲಾಕೂ ಹಾಕಿಲ್ಲ" ಅಂದ ಅವನು. ಅವನು ಹಾಕಿರಲಿಲ್ಲ, ನಿಜ. ಈಗಿನ ಎಷ್ಟೋ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ತಕ್ಷಣ ಡಿಸ್ಕಿಗೆ ಎನ್‌ಕ್ರಿಪ್ಶನ್ ತಾನಾಗಿ ಬೀಳುತ್ತದೆ, ಕೀ ಆ ಖಾತೆಗೆ ಹೋಗಿ ಕೂರುತ್ತದೆ. ಖಾತೆ ತೆರೆಯಲು ನೆಟ್ ಬೇಕು. ಮನೆಯಲ್ಲಿ ಯಾವ ಫೋನಿನಲ್ಲೂ ಒಂದು ಕಡ್ಡಿ ಸಿಗ್ನಲ್ ಇಲ್ಲ. ಜೀಪು ತೆಗೆದು ಪೇಟೆಗೆ ಹೋದೆವು. ಅಲ್ಲಿ ಓಟಿಪಿ ಕೇಳಿತು. ಓಟಿಪಿ ಹೋದದ್ದು ಅವನ ಅಪ್ಪನ ನಂಬರಿಗೆ, ಆ ಫೋನು ತೋಟದ ಮನೆಯಲ್ಲಿ. ವಾಪಸ್ ಬಂದು, ಫೋನ್ ತಗೊಂಡು, ಮತ್ತೆ ಹೋಗಿ, ಮಳೆಯಲ್ಲಿ ಜೀಪಿನೊಳಗೆ ಕೂತು ಆ 48 ಅಂಕಿ ನೋಟ್‌ಬುಕ್ಕಿಗೆ ಬರೆದುಕೊಂಡೆವು. ಅವನ ಕೈ ನಡುಗುತ್ತಿತ್ತು. ಸೆಮಿಸ್ಟರಿನ ಪ್ರಾಜೆಕ್ಟ್ ಎಲ್ಲ ಅದರೊಳಗೇ ಇತ್ತು.

ಆ ಗೋಳು ನಿಮಗೆ ಬೇಡ. ಸಿಗ್ನಲ್ ಇರುವಾಗಲೇ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಸಾಧನಗಳ ಪಟ್ಟಿಯಲ್ಲಿ ರಿಕವರಿ ಕೀ ತೆರೆದು, ಕಾಗದದ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ. ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ಸರಿ ನೋಡಿ. ಅದೇ ಲ್ಯಾಪ್‌ಟಾಪಿನಲ್ಲಿ ಫೋಟೋ ತೆಗೆದು ಇಟ್ಟರೆ ಏನೂ ಪ್ರಯೋಜನ ಇಲ್ಲ, ಅಲ್ವಾ?

ಆಮೇಲೆ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಶನ್ ಅಂತ ಹೋಗಿ ಅದನ್ನು ಆಫ್ ಮಾಡಿ. ಡಿಸ್ಕಿನ ಬೀಗ ಪೂರ್ತಿ ಬಿಚ್ಚಲು ಗಂಟೆಗಟ್ಟಲೆ ಹಿಡಿಯಬಹುದು. ಚಾರ್ಜರ್ ಹಾಕಿ ಬಿಟ್ಟುಬಿಡಿ. ಲಿನಕ್ಸ್ ಹಾಕಿದ ಮೇಲೆ ಬೇಕಾದರೆ ಮತ್ತೆ ಆನ್ ಮಾಡಬಹುದು. ಹಾಗೆ ಮಾಡಿದರೆ ಲಿನಕ್ಸಿನಿಂದ ಸಿ ಡ್ರೈವ್ ತೆರೆಯಲು ಆ ಕೀ ಬೇಕಾಗುತ್ತದೆ. ಲಿನಕ್ಸಿನ ಮೆನು ಮೂಲಕ ವಿಂಡೋಸಿಗೆ ಹೋದಾಗಲೂ ಕೆಲವೊಮ್ಮೆ ಕೇಳುತ್ತದೆ. ಆಗ ಲ್ಯಾಪ್‌ಟಾಪಿನದೇ ಬೂಟ್ ಮೆನುವಿನಿಂದ ವಿಂಡೋಸ್ ಆರಿಸಿಕೊಳ್ಳಿ.

ವಿಂಡೋಸ್ ಒಳಗೆ ಎರಡು ಕೆಲಸ

ಮೊದಲನೇದು ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು. ಇದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಅರ್ಧ ಎಚ್ಚರದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಹೋಗುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್ ಹೋಗಿ ಸಿ ಡ್ರೈವಿಗೆ ಏನಾದರೂ ಬರೆದರೆ ಫೈಲು ಕೆಡಬಹುದು. ಅದಕ್ಕೇ ಲಿನಕ್ಸ್ ಅದನ್ನು ಬರೀ ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನುವ ಕೊಂಡಿ, ಈ ದಾರಿಯಲ್ಲಿ ಹೋಗಿ. ಈಗ ಬದಲಿಸಲಾಗದ ಸೆಟ್ಟಿಂಗ್ ಬದಲಿಸಿ ಅನ್ನುವ ಸಾಲು ಒತ್ತಿದ ಮೇಲೆ ಕೆಳಗಿನ ಟಿಕ್ ತೆಗೆಯಲು ಬಿಡುತ್ತದೆ.

ಎರಡನೇದು ಜಾಗ ಬಿಡಿಸುವುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಡ್ರೈವಿನ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಲೆಕ್ಕ ಎಂಬಿಯಲ್ಲಿ ಕೇಳುತ್ತದೆ. 60 ಜಿಬಿ ಬೇಕಾದರೆ 61440 ಅಂತ ಹಾಕಿ. ಬಿಟ್ಟ ಜಾಗ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಅದನ್ನು ಹಾಗೇ ಬಿಡಿ. ಅದಕ್ಕೆ ಹೆಸರು ಕೊಡುವುದು, ಫಾರ್ಮ್ಯಾಟ್ ಮಾಡುವುದು ಯಾವುದೂ ಬೇಡ.

100 ಜಿಬಿ ಖಾಲಿ ಇದ್ದರೂ ಕೆಲವೊಮ್ಮೆ ನಾಲ್ಕೈದು ಜಿಬಿ ಮಾತ್ರ ಬಿಡುತ್ತೇನೆ ಅನ್ನುತ್ತದೆ. ಜರುಗಿಸಲಾಗದ ಫೈಲುಗಳು ನಡುವೆ ಕೂತಿರುತ್ತವೆ, ಅದಕ್ಕೆ. ಹೈಬರ್ನೇಶನ್, ಪೇಜಿಂಗ್ ಫೈಲ್, ಸಿಸ್ಟಮ್ ಪ್ರೊಟೆಕ್ಶನ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆದರೆ ಡಿಫ್ರಾಗ್ ಕೂಡ ಸಹಾಯ ಮಾಡುತ್ತದೆ. ಡಿ ಡ್ರೈವ್ ಇದ್ದವರು ಅದರಿಂದಲೇ ಜಾಗ ತೆಗೆಯಿರಿ, ಈ ತಕರಾರು ಅಲ್ಲಿ ಕಡಿಮೆ. ಜಾಗ ಬಿಡಿಸಿದ ಮೇಲೆ ವಿಂಡೋಸನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಸರಿಯಾಗಿ ತೆರೆಯುತ್ತದಾ ಅಂತ ನೋಡಿಯೇ ಮುಂದೆ ಹೋಗಿ.

ಪೆನ್‌ಡ್ರೈವ್ ತಯಾರಿ

ಮಿಂಟಿನ ಐಎಸ್‌ಓ, ಅಂದರೆ ಇಡೀ ಸಿಸ್ಟಮ್ ಇರುವ ಇನ್‌ಸ್ಟಾಲ್ ಫೈಲು, ಹೆಚ್ಚುಕಡಿಮೆ 3 ಜಿಬಿ. ಮನೆಯಲ್ಲಿ ಫೈಬರ್ ಇದ್ದರೆ ಸರಿ. ಫೋನಿನ ದಿನದ ಡೇಟಾ ನೆಚ್ಚಿಕೊಂಡವರಿಗೆ ಅದು ನಡುವೆಯೇ ಮುಗಿಯುತ್ತದೆ. ಮಿಂಟಿನವರು ಟೊರೆಂಟ್ ಕೂಡ ಕೊಡುತ್ತಾರೆ. ಅದರಲ್ಲಿ ಇಳಿಸಿದರೆ ನೆಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಎರಡು ರಾತ್ರಿ ಹಿಡಿದರೂ ಚಿಂತೆ ಇಲ್ಲ. ಗೆಳೆಯರ ಹತ್ತಿರ ಇರುವ ಹಳೆಯ ಐಎಸ್‌ಓ ಕೂಡ ಆಗುತ್ತದೆ, ಆದರೆ ಮೊದಲು ಅದರ ತಾಳೆ ನೋಡಬೇಕು.

ತಾಳೆ ನೋಡುವುದು ಅಂದರೆ ಇಷ್ಟೇ. ಮಿಂಟಿನ ಪುಟದಲ್ಲಿ ಪ್ರತಿ ಐಎಸ್‌ಓಗೂ ಎಸ್‌ಎಚ್‌ಎ256 ಅನ್ನುವ ಉದ್ದದ ಅಕ್ಷರಮಾಲೆ ಕೊಟ್ಟಿರುತ್ತಾರೆ. ನಿಮ್ಮ ಫೈಲಿನದನ್ನೂ ತೆಗೆದು ಎರಡೂ ಒಂದೇನಾ ಅಂತ ನೋಡಬೇಕು. 7-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಸಿಆರ್‌ಸಿ ಎಸ್‌ಎಚ್‌ಎ ಅನ್ನುವಲ್ಲಿ ಸಿಗುತ್ತದೆ. ಮೊದಲ ಆರು, ಕೊನೆಯ ಆರು ಅಕ್ಷರ ಮಾತ್ರ ನೋಡಿ ಬಿಡಬೇಡಿ. ಪೂರ್ತಿ ಹೋಲಿಸಿ. ಕಡಿದು ಕಡಿದು ಬರುವ ನೆಟ್ಟಿನಲ್ಲಿ ಇಳಿಸಿದ ಫೈಲು ಅರೆಬರೆ ಆಗಿದ್ದರೆ ಇನ್‌ಸ್ಟಾಲ್ ನಡುವೆ ನಿಂತುಹೋಗುತ್ತದೆ.

8 ಜಿಬಿ ಪೆನ್‌ಡ್ರೈವ್ ಸಾಕು. ರೂಫಸ್ ಅನ್ನುವ ಚಿಕ್ಕ ಪ್ರೋಗ್ರಾಂ ತೆರೆದು, ಪೆನ್‌ಡ್ರೈವ್ ಆರಿಸಿ, ಐಎಸ್‌ಓ ಆರಿಸಿ. ವಿಂಡೋಸ್ ಯುಇಎಫ್‌ಐ ಮೋಡಿನಲ್ಲಿದ್ದರೆ ಪಾರ್ಟಿಶನ್ ಸ್ಕೀಮ್ ಜಿಪಿಟಿ ಇರಲಿ, ಲೆಗಸಿ ಆದರೆ ಎಂಬಿಆರ್. ಸ್ಟಾರ್ಟ್ ಒತ್ತಿದ ಮೇಲೆ ಕೇಳುವುದಕ್ಕೆಲ್ಲ ಅದು ಮೊದಲೇ ಆರಿಸಿಟ್ಟಿದ್ದೇ ಸಾಕು. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇಟ್ಟ ಪೆನ್‌ಡ್ರೈವ್ ತರಬೇಡಿ.

ಬಯೋಸ್ ಮತ್ತು ಬೂಟ್ ಮೆನು

ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಮೊದಲು ಎಫ್2 ಒತ್ತಿ ಬಯೋಸಿಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕಾಗಬಹುದು. ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರು ಕಂಡರೆ ಅದನ್ನು ಆರಿಸಿ. ಎರಡು ಸಲ ಕಂಡರೆ, ಯುಇಎಫ್‌ಐ ಯಂತ್ರದಲ್ಲಿ ಯುಇಎಫ್‌ಐ ಅಂತ ಬರೆದಿರುವುದೇ ನಿಮ್ಮದು.

ಸೆಕ್ಯೂರ್ ಬೂಟ್ ಆಫ್ ಮಾಡಿ ಅಂತ ಹಳೆಯ ಮಾರ್ಗದರ್ಶಿಗಳಲ್ಲಿ ಬರೆದಿರುತ್ತದೆ. ಮಿಂಟ್‌ಗೂ ಉಬುಂಟುವಿಗೂ ಅದು ಬೇಕಿಲ್ಲ. ಆನ್ ಇದ್ದರೂ ಓಡುತ್ತವೆ. ಪೆನ್‌ಡ್ರೈವ್ ಆರಿಸಿದಾಗ ಸೆಕ್ಯೂರ್ ಬೂಟ್ ಹೆಸರಿನಲ್ಲಿ ತಡೆ ಬಂದರೆ, ಬಯೋಸಿನಲ್ಲಿ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಸರ್ಟಿಫಿಕೇಟಿಗೆ ಅನುಮತಿ ಕೊಡುವ ಸಾಲು ಇದೆಯಾ ನೋಡಿ ಆನ್ ಮಾಡಿ. ಕೆಲವು ಹೊಸ ಲ್ಯಾಪ್‌ಟಾಪಿನಲ್ಲಿ ಇದು ಆಫ್ ಆಗಿ ಬರುತ್ತದೆ.

ಇನ್ನೊಂದು ತೊಡಕು ಇಂಟೆಲ್ ಲ್ಯಾಪ್‌ಟಾಪುಗಳದ್ದು. ಇನ್‌ಸ್ಟಾಲರ್ ಡಿಸ್ಕನ್ನೇ ತೋರಿಸದಿದ್ದರೆ, ಇಲ್ಲವೇ ಆರ್‌ಎಸ್‌ಟಿ ಆಫ್ ಮಾಡಿ ಅಂದರೆ, ಸ್ಟೋರೇಜ್ ಸೆಟ್ಟಿಂಗ್ ಆರ್‌ಎಸ್‌ಟಿ, ರೇಡ್ ಅಥವಾ ವಿಎಂಡಿ ಮೋಡಿನಲ್ಲಿದೆ ಅಂತ ಅರ್ಥ. ಅದನ್ನು ಲಿನಕ್ಸ್ ಓದಬಲ್ಲ ಎಎಚ್‌ಸಿಐ ಮೋಡಿಗೆ ನೇರವಾಗಿ ಬದಲಿಸಿದರೆ ವಿಂಡೋಸ್ ತೆರೆಯುವುದಿಲ್ಲ. ಮೊದಲು ವಿಂಡೋಸಿನ ಸಿಸ್ಟಮ್ ಕಾನ್ಫಿಗರೇಶನ್ನಿನಲ್ಲಿ ಸೇಫ್ ಬೂಟ್ ಟಿಕ್ ಮಾಡಿ ರೀಸ್ಟಾರ್ಟ್ ಕೊಡಿ. ಆಗಲೇ ಬಯೋಸಿಗೆ ಹೋಗಿ ಎಎಚ್‌ಸಿಐ ಮಾಡಿ. ವಿಂಡೋಸ್ ಸೇಫ್ ಮೋಡಿನಲ್ಲಿ ತೆರೆದು ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಆಮೇಲೆ ಆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ಸೇಫ್ ಮೋಡಿನಲ್ಲಿ ಪಿನ್ ಕೆಲಸ ಮಾಡದೆ ಹೋಗಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಹಾಕುವ ಮೊದಲು ಓಡಿಸಿ ನೋಡಿ

ಪೆನ್‌ಡ್ರೈವಿನಿಂದ ಮಿಂಟ್ ತೆರೆದಾಗ ಅದು ಡಿಸ್ಕಿಗೆ ಏನೂ ಬರೆದಿರುವುದಿಲ್ಲ. ಒಂದು ಗಂಟೆ ಹಾಗೇ ಬಳಸಿ. ವೈಫೈ, ಸ್ಪೀಕರ್, ಟಚ್‌ಪ್ಯಾಡ್, ಕ್ಯಾಮೆರಾ, ಬೆಳಕು ಕಡಿಮೆ ಮಾಡುವ ಕೀ ಎಲ್ಲ ನೋಡಿ. ವೈಫೈ ಕಾಣದಿದ್ದರೆ ಫೋನನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಹೆಚ್ಚಿನ ಫೋನುಗಳಲ್ಲಿ ಕೂಡಲೇ ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ವೈಫೈ ಡ್ರೈವರ್ ಸಿಗುತ್ತದಾ ನೋಡಬಹುದು.

ಇನ್‌ಸ್ಟಾಲ್

ಹೊತ್ತು ನೋಡಿ ಕೂರಿ. ಏಪ್ರಿಲ್, ಮೇ ಸಂಜೆ ಗುಡುಗು ಬರುವ ಹೊತ್ತು ಬೇಡ. ನಾನು ಬೆಳಗ್ಗೆ ಏಳಕ್ಕೆ ಕೂರುತ್ತೇನೆ. ಬ್ಯಾಟರಿ ಪೂರ್ತಿ, ಚಾರ್ಜರ್ ಹಾಕಿದೆ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಮಾತ್ರ ಹೊರಗೆ. ಬ್ಯಾಕಪ್ ಡಿಸ್ಕ್ ಜೋಡಿಸಿಟ್ಟುಕೊಂಡು ಇನ್‌ಸ್ಟಾಲ್ ಮಾಡಲೇಬಾರದು. ತಪ್ಪಿ ಅದನ್ನೇ ಆರಿಸಿದರೆ ಎರಡೂ ಕಡೆ ನಷ್ಟ.

ಡೆಸ್ಕ್‌ಟಾಪಿನ ಇನ್‌ಸ್ಟಾಲ್ ಐಕಾನ್ ತೆರೆಯಿರಿ. ಭಾಷೆ, ಕೀಬೋರ್ಡ್ ಆಗುತ್ತದೆ. ನೆಟ್ ಇದ್ದರೆ ಮಲ್ಟಿಮೀಡಿಯಾ ಕೋಡೆಕ್ ಟಿಕ್ ಮಾಡಿ, ಇಲ್ಲದಿದ್ದರೆ ಆಮೇಲೆ ಹಾಕಬಹುದು. ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಹತ್ತಿರದಲ್ಲೇ ಒಮ್ಮೆ ಬೇಕಾಗುತ್ತದೆ.

ಈಗ ಬರುವ ಪುಟದಲ್ಲಿ ಅವಸರ ಬೇಡವೇ ಬೇಡ. ಮೂರು ಆಯ್ಕೆ ಇರುತ್ತದೆ. ವಿಂಡೋಸ್ ಬೂಟ್ ಮ್ಯಾನೇಜರ್ ಜೊತೆಯಲ್ಲಿ ಹಾಕುವುದು ಒಂದು. ಡಿಸ್ಕ್ ಅಳಿಸಿ ಹಾಕುವುದು ಇನ್ನೊಂದು, ಇದನ್ನು ಮುಟ್ಟಬೇಡಿ. ಕೊನೆಯದು ಸಂಥಿಂಗ್ ಎಲ್ಸ್. ಮೊದಲನೇದೂ ಕೆಲಸ ಮಾಡುತ್ತದೆ. ಆದರೂ ನಾನು ಯಾವಾಗಲೂ ಕೊನೆಯದನ್ನೇ ಆರಿಸುತ್ತೇನೆ, ಏನು ಎಲ್ಲಿ ಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ.

ಅದರಲ್ಲಿ ಡಿಸ್ಕಿನ ಪಟ್ಟಿ ತೆರೆಯುತ್ತದೆ. ಫ್ರೀ ಸ್ಪೇಸ್ ಅಂತ ನೀವು ಬಿಡಿಸಿದ ಜಾಗ ಕಾಣಬೇಕು. ಇಲ್ಲಿ ಜಿಬಿ ಲೆಕ್ಕ ಸ್ವಲ್ಪ ಬೇರೆ, 60ರ ಬದಲು 64 ಸಾವಿರ ಎಂಬಿ ಅಂತ ತೋರಿಸಬಹುದು, ಗಾಬರಿ ಬೇಡ. ಅದರ ಮೇಲೆ ಕ್ಲಿಕ್ ಮಾಡಿ ಕೂಡಿಸುವ ಗುರುತು ಒತ್ತಿ. ಪೂರ್ತಿ ಜಾಗ ಕೊಡಿ. ಬಗೆ ಇಎಕ್ಸ್‌ಟಿ4, ಮೌಂಟ್ ಪಾಯಿಂಟ್ / ಅನ್ನುವ ಓರೆಗೆರೆ. ರ್‍ಯಾಮ್ ಸಾಲದಾಗ ಬಳಸುವ ಸ್ವಾಪ್‌ಗೆ ಬೇರೆ ಪಾರ್ಟಿಶನ್ ಬೇಡ, ಮಿಂಟ್ ತಾನೇ ಒಂದು ಫೈಲು ಮಾಡಿಕೊಳ್ಳುತ್ತದೆ. ಪಟ್ಟಿಯಲ್ಲಿ 100 ಅಥವಾ 260 ಎಂಬಿಯ ಒಂದು ಚಿಕ್ಕ ಇಎಫ್‌ಐ ಪಾರ್ಟಿಶನ್ ಇರುತ್ತದೆ. ವಿಂಡೋಸ್ ತೆರೆಯುವ ಬೀಗದಕೈ ಅದರಲ್ಲಿದೆ. ಲಿನಕ್ಸ್ ಕೂಡ ಅದನ್ನೇ ಹಂಚಿಕೊಳ್ಳುತ್ತದೆ. ಅದರ ಎದುರಿನ ಫಾರ್ಮ್ಯಾಟ್ ಚೌಕದಲ್ಲಿ ಟಿಕ್ ಇರಬಾರದು. ಕೆಳಗೆ ಬೂಟ್‌ಲೋಡರ್ (ಆನ್ ಆದಾಗ ಸಿಸ್ಟಮ್ ತೆರೆಯುವ ಚಿಕ್ಕ ಪ್ರೋಗ್ರಾಂ) ಎಲ್ಲಿ ಹಾಕಬೇಕು ಅನ್ನುವಲ್ಲಿ ಪಾರ್ಟಿಶನ್ ಬೇಡ, ಇಡೀ ಡಿಸ್ಕಿನ ಹೆಸರಿರಲಿ. ಪೆನ್‌ಡ್ರೈವಿನ ಹೆಸರು ಅಲ್ಲಿಲ್ಲ ಅಂತ ನೋಡಿಕೊಳ್ಳಿ.

ಮುಂದಕ್ಕೆ ಒತ್ತಿದರೆ ಒಂದು ಚಿಕ್ಕ ಕಿಟಕಿ ಬರುತ್ತದೆ, ಯಾವ ಯಾವ ಪಾರ್ಟಿಶನ್ ಫಾರ್ಮ್ಯಾಟ್ ಆಗುತ್ತದೆ ಅಂತ. ಅಲ್ಲಿ ಇಎಕ್ಸ್‌ಟಿ4 ಅಂತ ಒಂದೇ ಸಾಲು ಇರಬೇಕು. ನಾನು ಇಲ್ಲಿ ಮೌಸಿನಿಂದ ಕೈ ತೆಗೆದು ಎರಡು ಸಲ ಓದುತ್ತೇನೆ. ಇಲ್ಲಿವರೆಗೆ ಏನೇ ತಪ್ಪು ಮಾಡಿದ್ದರೂ ಹಿಂದೆ ಹೋಗಬಹುದು. ಕಂಟಿನ್ಯೂ ಒತ್ತಿದ ಮೇಲೆ ಆಗುವುದಿಲ್ಲ.

ಊರು ಕೇಳಿದಾಗ ಕೋಲ್ಕತ್ತಾ ಅಂತ ಬರುತ್ತದೆ, ಭಾರತದ ಸಮಯ ಅದೇ. ಹೆಸರು, ಪಾಸ್‌ವರ್ಡ್ ಕೊಟ್ಟರೆ ಎಸ್‌ಎಸ್‌ಡಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ, ಹಳೆಯ ಡಿಸ್ಕಿನಲ್ಲಿ ಇನ್ನೂ ಜಾಸ್ತಿ. ನಡುವೆ ಹೇಗೋ ಆಫ್ ಆಗಿಬಿಟ್ಟರೂ ಸಾಮಾನ್ಯವಾಗಿ ವಿಂಡೋಸಿಗೆ ಏನೂ ಆಗಿರುವುದಿಲ್ಲ. ಪೆನ್‌ಡ್ರೈವಿನಿಂದ ಮತ್ತೆ ಶುರು ಮಾಡಿ, ಅದೇ ಇಎಕ್ಸ್‌ಟಿ4 ಪಾರ್ಟಿಶನ್ ಆರಿಸಿ, ಫಾರ್ಮ್ಯಾಟ್ ಟಿಕ್ ಹಾಕಿ ಹಾಕಿಕೊಳ್ಳಿ.

ರೀಸ್ಟಾರ್ಟ್ ಆದಾಗ ಎಂಒಕೆ ಅನ್ನುವ ನೀಲಿ ಪರದೆ ಬಂದರೆ ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್ ಅಂತ ಹೋಗಿ ಆಗ ಬರೆದಿಟ್ಟ ಪಾಸ್‌ವರ್ಡ್ ಕೊಡಿ. ಕೆಲವೇ ಸೆಕೆಂಡು ಕಾಯುತ್ತದೆ. ಬಿಟ್ಟುಹೋದರೆ ಕೆಲವು ವೈಫೈ, ಎನ್‌ವಿಡಿಯಾ ಡ್ರೈವರ್ ಓಡುವುದಿಲ್ಲ.

ಆಮೇಲೆ ಕಾಣುವ ಕಪ್ಪು ಮೆನು ಗ್ರಬ್. ಮಿಂಟೂ ವಿಂಡೋಸೂ ಎರಡೂ ಅಲ್ಲಿರಬೇಕು. ಎರಡನ್ನೂ ಒಂದೊಂದು ಸಲ ತೆರೆದು ನೋಡಿ. ಮೆನು ಬರದೆ ನೇರ ವಿಂಡೋಸಿಗೇ ಹೋದರೆ ಬಯೋಸಿನ ಬೂಟ್ ಸಾಲಿನಲ್ಲಿ ಉಬುಂಟು ಅನ್ನುವುದನ್ನು ಮೇಲಕ್ಕೆ ತನ್ನಿ. ಮಿಂಟ್ ಹಾಕಿದರೂ ಅಲ್ಲಿ ಹೆಸರು ಉಬುಂಟು ಅಂತಲೇ ಇರುತ್ತದೆ.

ಮೊದಲ ದಿನದ ಕೆಲಸಗಳು

ಲಿನಕ್ಸ್ ಬಳಸಿ ವಿಂಡೋಸಿಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಒಳಗಿನ ಗಡಿಯಾರವನ್ನು ಲಿನಕ್ಸ್ ಗ್ರೀನ್‌ವಿಚ್ ಸಮಯದಲ್ಲಿ ಇಡುತ್ತದೆ, ವಿಂಡೋಸ್ ನಮ್ಮ ಸಮಯ ಅಂತ ಓದುತ್ತದೆ. ನೆಟ್ ಇದ್ದರೆ ವಿಂಡೋಸ್ ಸರಿಮಾಡಿಕೊಳ್ಳಬಹುದು. ನೆಟ್ ಇಲ್ಲದ ವಾರದಲ್ಲಿ ಟ್ಯಾಲಿಯಲ್ಲಿ ತಾರೀಖೇ ಹಿಂದಿನ ದಿನಕ್ಕೆ ಹೋದೀತು. ಮಿಂಟಿನ ಟರ್ಮಿನಲ್ ತೆರೆದು, timedatectl set-local-rtc 1 ಅನ್ನುವುದನ್ನು ಹೊಡೆದು ಎಂಟರ್ ಒತ್ತಿದರೆ ಆ ಗೊಂದಲ ಮುಗಿಯುತ್ತದೆ.

ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಹಾಕಿಸಿ. ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಯಾವುದೋ ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ಬರಬಹುದು. ನಿಮ್ಮ ಫೋಟೋ, ಕಾಗದ ಅದರಲ್ಲಿ ಸೇರುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ಪೇ ಬೇಕು.

ಕನ್ನಡ ಟೈಪ್ ಮಾಡುವವರು ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ ಪಟ್ಟಿಯಲ್ಲಿ ಕನ್ನಡ ಕಗಪ ಫೊನೆಟಿಕ್ ಸೇರಿಸಿ. ನುಡಿಯಲ್ಲಿ ಪಳಗಿದ ಬೆರಳಿಗೆ ಹೆಚ್ಚು ಕಷ್ಟ ಆಗುವುದಿಲ್ಲ. ಕೊಡವ ತಕ್ಕ್, ಅರೆಭಾಷೆ ಬರೆಯುವವರಿಗೂ ಇದೇ ಸಾಕು. ಆದರೆ ಹಳೆಯ ನುಡಿಯಲ್ಲಿ ಯೂನಿಕೋಡ್ ಅಲ್ಲದೆ ಬರೆದ ಕಡತಗಳು ಲಿನಕ್ಸಿನಲ್ಲಿ ಬರೀ ಗೀಚು ಅಕ್ಷರವಾಗಿ ಕಾಣುತ್ತವೆ. ಅವನ್ನು ವಿಂಡೋಸಿನಲ್ಲಿ ಯೂನಿಕೋಡಿಗೆ ಬದಲಿಸಿಕೊಂಡು ತನ್ನಿ. ನಮ್ಮ ರೈಟರ್ ಹತ್ತಿರ ಹತ್ತು ವರ್ಷದ ಪತ್ರಗಳು ಹಾಗೆ ಇದ್ದವು. ಒಂದು ಭಾನುವಾರ ಕೂತು ಬದಲಿಸಿದೆವು.

ಅವರ ಯಂತ್ರದಲ್ಲಿ ವಿಂಡೋಸ್ 10ನ್ನು ನೆಟ್ಟಿಗೆ ಜೋಡಿಸುವುದನ್ನೇ ನಿಲ್ಲಿಸಿದ್ದೇವೆ. ಟ್ಯಾಲಿ ಬೇಕಾದಾಗ ಅದು, ಬ್ಯಾಂಕು, ಮೇಲ್, ಕಾಫಿ ರೇಟು ನೋಡಲು ಮಿಂಟ್. ಬೆಂಬಲ ಮುಗಿದ ವಿಂಡೋಸ್ ಇಟ್ಟುಕೊಳ್ಳುವವರು ಹೀಗೆಯೇ ಮಾಡಿ ಅಂತ ನನ್ನ ಕಳಕಳಿಯ ಮಾತು.

ಮುಂದೆ ತೊಂದರೆ ಬಂದರೆ

ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಗ್ರಬ್ ಮೆನು ಮಾಯವಾಗುತ್ತದೆ. ಲಿನಕ್ಸ್ ಎಲ್ಲೂ ಹೋಗಿರುವುದಿಲ್ಲ, ಬೂಟ್ ಸಾಲಿನಲ್ಲಿ ಕೆಳಗೆ ಇಳಿದಿರುತ್ತದೆ. ಬಯೋಸಿನಲ್ಲಿ ಮೇಲಕ್ಕೆ ತಂದರೆ ಮುಗಿಯಿತು. ಅದರಿಂದಲೂ ಆಗದಿದ್ದರೆ ಮಿಂಟಿನ ಪೆನ್‌ಡ್ರೈವಿನಿಂದ ತೆರೆದು, ಮೆನುವಿನಲ್ಲಿರುವ ಬೂಟ್ ರಿಪೇರ್ ಓಡಿಸಿ. ಅದಕ್ಕೇ ಆ ಪೆನ್‌ಡ್ರೈವನ್ನು ಅಳಿಸದೆ ಇಟ್ಟುಕೊಳ್ಳಿ. 2024ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಸೆಕ್ಯುರಿಟಿ ಅಪ್‌ಡೇಟಿನಿಂದ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ತೆರೆಯದೆ ಎಸ್‌ಬಿಎಟಿ ಪರೀಕ್ಷೆ ವಿಫಲ ಅಂತ ಸಂದೇಶ ಬಂದಿತ್ತು. ಹಳೆಯ ಬೂಟ್‌ಲೋಡರ್ ಇದ್ದವರಿಗೆ ಪೆಟ್ಟು ಬಿತ್ತು. ಮಿಂಟನ್ನು ವಾರಕ್ಕೊಮ್ಮೆ ತೆರೆದು ಅಪ್‌ಡೇಟ್ ಮಾಡಿಕೊಂಡರೆ ಆ ಅಪಾಯ ಕಡಿಮೆ.

ಬೇಡ ಅನಿಸಿದರೆ ತೆಗೆಯುವುದು

ಲಿನಕ್ಸ್ ಪಾರ್ಟಿಶನನ್ನು ವಿಂಡೋಸಿನಿಂದ ನೇರ ಅಳಿಸಬೇಡಿ. ಗ್ರಬ್ ತನ್ನ ಫೈಲು ಸಿಗದೆ ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. ಮೊದಲು ನಿಮ್ಮ ಫೈಲುಗಳನ್ನು ಹೊರಗೆ ತೆಗೆದುಕೊಳ್ಳಿ. ಯುಇಎಫ್‌ಐ ಯಂತ್ರವಾದರೆ ಬಯೋಸಿಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು, ನೇರ ವಿಂಡೋಸ್ ತೆರೆಯುತ್ತದೆ ಅಂತ ಖಚಿತ ಮಾಡಿಕೊಳ್ಳಿ. ಲೆಗಸಿ ಯಂತ್ರದಲ್ಲಿ ಮೊದಲು ರಿಕವರಿ ಡ್ರೈವಿನಿಂದ ವಿಂಡೋಸಿನ ಬೂಟ್ ಸರಿಪಡಿಸಿಕೊಳ್ಳಬೇಕು. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಪಾರ್ಟಿಶನ್ ಅಳಿಸಿ. ಸಿ ಡ್ರೈವಿನಿಂದ ಬಿಡಿಸಿದ ಜಾಗ ಅದರ ಪಕ್ಕದಲ್ಲೇ ಇರುವುದರಿಂದ ಎಕ್ಸ್‌ಟೆಂಡ್ ವಾಲ್ಯೂಮ್ ಕೊಟ್ಟರೆ ಮತ್ತೆ ಸೇರಿಕೊಳ್ಳುತ್ತದೆ. ಬೂಟ್ ಪಟ್ಟಿಯಲ್ಲಿ ಉಬುಂಟು ಅನ್ನುವ ಹೆಸರು ಹಾಗೇ ಉಳಿದರೂ ಅದರಿಂದ ಏನೂ ತೊಂದರೆ ಇಲ್ಲ.